ಹನ್ನೊಂದನೇ ಕೋಣೆಯ ಎಣಿಕೆ

ನರ್ಸುಗಳು ಹೋಗುವುದು ಎರಡನೇ ಕೋಣೆಗೆ ದಿನಕ್ಕೆ ಹದಿನೇಳು ಸಲ, ಹನ್ನೊಂದನೇ ಕೋಣೆಗೆ ಹದಿನಾರು. ಐದು ದಿನ ಎಳೆದ ಗೆರೆಗಳನ್ನೆಲ್ಲ ಕೂಡಿಸಿ ಐದರಿಂದ ಭಾಗಿಸಿದರೆ ಬರುವುದು ಇಷ್ಟೇ. ಎಲ್ಲೋ ಕೈತಪ್ಪಿರಬೇಕು ಎಂದು ಅವಳು ಮೊದಲಿಂದ ಕೂಡಿಸಿದಳು. ಮತ್ತೂ ಅದೇ ಬಂತು. ಶನಿವಾರ ಬೆಳಗಿನ ಬಿಸಿಲು ಕಾರಿಡಾರಿನ ಕೊನೆಯ ಕಿಟಕಿಯಿಂದ ಮಡಿಲಿನ ಕಾಗದದ ಮೇಲೆ ಬಿದ್ದಿತ್ತು, ಊದಿದ ಎಡಮಂಡಿಗೆ ಹಿತವಾಗಿಯೇ ಇತ್ತು. ಎಲ್ಲ ಕೋಣೆಗೂ ಒಂದೇ ಸಮ ಹೋಗುತ್ತಾರೆ ಅಂದರೆ ಸಂತೋಷಪಡಬೇಕಾದ ಮಾತು. ನಿಮ್ಮ ವಾರ್ಡಿನಲ್ಲಿ ಯಾರನ್ನೂ ಕಡೆಗಣಿಸಿಲ್ಲ ಎಂದು ಯಾವ ನರ್ಸಿಗಾದರೂ ಹೇಳಿ ನೋಡಿ, ಹಿಗ್ಗಿ ಹೀರೇಕಾಯಾಗುತ್ತಾಳೆ. ಇವಳಿಗೆ ಮಾತ್ರ ನಾಲ್ಕು ಜನರೆದುರು ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು.

ಇಪ್ಪತ್ತೆರಡು ವರ್ಷ ಇದೇ ವಾರ್ಡಿನಲ್ಲಿ ನಡೆದೂ ನಡೆದೂ ಮಂಡಿ ಸವೆಸಿಕೊಂಡವಳು. ರೋಗಿಗಳನ್ನು ಎತ್ತಿ ಕೂರಿಸುವ ಕೆಲಸ ಇನ್ನು ಸಲ್ಲದು ಎಂದು ಡಾಕ್ಟರು ಬರೆದುಕೊಟ್ಟ ಮೇಲೆ ಮೇಟ್ರನ್ ಕರೆದು, ಕೂತು ಮಾಡುವ ಕೆಲಸವೊಂದು ಬಂದಿದೆ, ಪುಣ್ಯ ಮಾಡಿದ್ದೀಯ ಎಂದು ಈ ಎಣಿಕೆಯನ್ನು ವಹಿಸಿದ್ದಳು. ಆಸ್ಪತ್ರೆಯ ಹಿಂದಿನ ಖಾಲಿ ಜಾಗದಲ್ಲಿ ಹೊಸ ಕಟ್ಟಡ ಬರುವುದಿತ್ತು. ಅದಕ್ಕೆ ಎರಡು ನಕ್ಷೆ ತಯಾರಾಗಿದ್ದವು. ಒಂದರಲ್ಲಿ ವಾರ್ಡು ಈಗಿರುವ ಹಾಗೆಯೇ: ಉದ್ದಾನುದ್ದ ಕಾರಿಡಾರು, ಈ ತುದಿಗೆ ನರ್ಸುಗಳ ಕೋಣೆ, ಆ ತುದಿಗೆ ಬಟ್ಟೆ ಇಡುವ ಕೋಣೆ ದಾಟಿ ತಿರುಗಿದರೆ ಕೊನೆಯ ರೋಗಿಯ ಕೋಣೆ. ಇನ್ನೊಂದರಲ್ಲಿ ನರ್ಸುಗಳ ಮೇಜು ನಟ್ಟನಡುವೆ, ಸುತ್ತಲೂ ಕೋಣೆಗಳು, ಕೂತಲ್ಲಿಂದಲೇ ಎಲ್ಲ ಬಾಗಿಲೂ ಕಾಣುವ ಹಾಗೆ. ಇದಕ್ಕೆ ಜಾಗ ಹೆಚ್ಚು ಬೇಕು, ಹಾಗಾಗಿ ಆಡಳಿತದವರು ಮೂಗು ಮುರಿಯುತ್ತಿದ್ದರು. ದೂರವಾದರೆ ನರ್ಸುಗಳು ಹೋಗುವುದು ಕಡಿಮೆಯಾಗುತ್ತದೆ ಎಂದು ಎಣಿಸಿ ತೋರಿಸಿ, ಮಂಗಳವಾರದ ಸಭೆಯಲ್ಲಿ ನೋಡೋಣ ಎಂದಿದ್ದರು. ನಕ್ಷೆ ಬರೆದವನು ವಯಸ್ಸಿನಲ್ಲಿ ಚಿಕ್ಕವನು, ಸೌಮ್ಯ ಮಾತಿನವನು. ಯಾವ ಕೋಣೆಯೊಳಗೂ ಹೋಗಬಾರದು, ಬೆಲ್ ಆದರೆ ಏಳಬಾರದು, ಯಾರಿಗೂ ಏನನ್ನೂ ನೆನಪಿಸಬಾರದು ಎಂದು ಅವಳಿಗೆ ಪಾಠ ಮಾಡಿ, ಅಕ್ಕ, ನೀವು ಅಲ್ಲಿ ಇದ್ದೂ ಇಲ್ಲದ ಹಾಗಿರಬೇಕು ಅಂದಿದ್ದ. ಅವಳು ಸೀರೆಯುಟ್ಟು, ಕಾಗದ ಪೆನ್ಸಿಲು ಹಿಡಿದು, ಒಂದು ಕುರ್ಚಿಯನ್ನು ತಿರುವಿನಲ್ಲಿ ಹಾಕಿಸಿಕೊಂಡು ಕೂತಳು. ಅಲ್ಲಿಂದ ಎರಡೂ ಕಡೆ ಕಾಣುತ್ತದೆ, ಗಾಳಿಯೂ ಚೆನ್ನಾಗಿ ಬರುತ್ತದೆ. ಯಾರಾದರೂ ಒಂದು ಕೋಣೆಗೆ ಹೋದರೆ ಆ ಕೋಣೆಯ ಹೆಸರಿನಲ್ಲಿ ಒಂದು ಗೆರೆ. ಎರಡೇ ದಿನದಲ್ಲಿ ನರ್ಸು ಹುಡುಗಿಯರು ಅವಳಿಗೆ ಗೆರೆಯಕ್ಕ ಎಂದು ಹೆಸರಿಟ್ಟರು.

ಹದಿನಾರು. ಹನ್ನೊಂದನೇ ಕೋಣೆಗೆ ಹದಿನಾರು ಸಲ ಹೋಗುತ್ತಾರೆ. ಹಾಗಾದರೆ ಹೋಗದವಳು ತಾನೊಬ್ಬಳೇ. ಹನ್ನೆರಡು ವರ್ಷದ ಕೆಳಗೆ ಆ ಹಾಸಿಗೆಯಲ್ಲಿ ಒಬ್ಬ ಬಡಗಿ ಮಲಗಿದ್ದ, ಹೊಟ್ಟೆಯ ಆಪರೇಷನ್ ಆದವನು, ನೋವಿದ್ದರೂ ತುಟಿ ಬಿಚ್ಚದ ಜಾತಿ. ಎರಡು ಗಂಟೆಗೊಮ್ಮೆ ನೋಡಿ ಬಾಗಿಲ ಹಿಂದಿನ ಕಾಗದದಲ್ಲಿ ಸಹಿ ಮಾಡಬೇಕು. ಅವತ್ತು ಅವಳು ಎರಡು ಸಲ ಬಟ್ಟೆ ಕೋಣೆಯ ತನಕ ಹೋಗಿದ್ದಳು, ಎರಡು ಸಲವೂ ಹಿಂದಿನಿಂದ ಯಾರೋ ಕರೆದರು, ತಿರುಗಿ ಬಂದಳು. ಆಗ ಮಂಡಿ ನೋವು ಗಿಂಡಿ ನೋವು ಏನೂ ಇರಲಿಲ್ಲ, ಓಡುತ್ತಿದ್ದ ಕಾಲು. ಅವನು ಸುಮ್ಮನಿರುತ್ತಾನೆ, ಸುಮ್ಮನಿರುವವನು ಚೆನ್ನಾಗಿಯೇ ಇರುತ್ತಾನೆ ಎಂದುಕೊಂಡಳು. ಡ್ಯೂಟಿ ಮುಗಿಯುವ ಹೊತ್ತಿಗೆ ಹೋಗಿ, ಬಾಗಿಲ ಹಿಂದೆಯೇ ನಿಂತು, ಮೂರು ಖಾಲಿ ಜಾಗಕ್ಕೂ ಒಟ್ಟಿಗೆ ಸಹಿ ಹಾಕಿ, ಆಮೇಲೆ ಮಂಚದ ಕಡೆ ನೋಡಿದಳು. ಯಾವಾಗ ಹೋದನೋ, ಕೈ ತಣ್ಣಗಾಗಿತ್ತು. ಕಾಗದದ ಮೇಲೆ ಎಲ್ಲ ಸರಿಯಾಗಿದ್ದುದರಿಂದ ಯಾರೂ ಏನೂ ಕೇಳಲಿಲ್ಲ. ಕೇಳಿದವಳು ಅವನ ಮಗಳೊಬ್ಬಳೇ. ಕೆಂಪಗಾದ ಕಣ್ಣು ಒರೆಸಿಕೊಳ್ಳುತ್ತ ಬಂದು, ಕೊನೆಗೆ ನೋಡಿದ್ದು ನೀವಂತೆ ಸಿಸ್ಟರ್, ಅಪ್ಪ ಏನಾದ್ರೂ ಹೇಳಿದ್ರಾ ಅಂದಳು. ಇವಳ ಬಾಯಿಂದ ತಡವರಿಸದೆ ಬಂದುಬಿಟ್ಟಿತು: ನೀರು ಕೇಳಿದ್ರಮ್ಮ, ಕುಡಿಸಿದೆ, ಮಗಳು ಬಂದಳಾ ಅಂದ್ರು, ಹಾಗೇ ನಿದ್ದೆ ಹೋದ್ರು. ಆ ಹುಡುಗಿ ಇವಳ ಎರಡೂ ಕೈಯನ್ನು ಕಣ್ಣಿಗೊತ್ತಿಕೊಂಡಳು. ಅವಳಿಗೆ ಈಗ ಮಕ್ಕಳಾಗಿರಬಹುದು, ತಾತ ಕೊನೆಗಾಲದಲ್ಲಿ ನನ್ನನ್ನೇ ಕೇಳಿದರು ಎಂದು ಮಕ್ಕಳಿಗೂ ಹೇಳಿರಬಹುದು. ಕಾರಿಡಾರು ಉದ್ದ, ಕೋಣೆ ತಿರುವಿನಾಚೆ, ಕಣ್ಣಿಗೆ ಬೀಳುವುದಿಲ್ಲ, ಯಾರೇ ಆದರೂ ಹಾಗೆಯೇ ಮಾಡುತ್ತಿದ್ದರು ಎಂದು ಅವಳು ಇಷ್ಟು ವರ್ಷ ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದಳು. ನಕ್ಷೆಯವನು ಈ ಕೆಲಸ ಹೇಳಿದಾಗ ಒಳಗೊಳಗೇ ಆಸೆಯಾಗಿತ್ತು. ಎಣಿಸಿದರೆ ಕಾರಿಡಾರಿನದೇ ತಪ್ಪು ಎಂದು ಬರುತ್ತದೆ, ಬರಲಿ ಎಂದು. ಈಗ ನೋಡಿದರೆ ಕಾರಿಡಾರು ನಿರಪರಾಧಿ.

‘ಏನು ಅಕ್ಕ, ಬೆಳಗ್ಗೇನೇ ಮುಖ ಗಂಟು ಹಾಕ್ಕೊಂಡಿದ್ದೀರಿ’ ಎಂದು ಹನ್ನೊಂದನೇ ಕೋಣೆಯೊಳಗಿಂದ ದರ್ಜಿಯಮ್ಮ ಕೇಳಿದರು. ಬಾಗಿಲು ಸದಾ ತೆರೆದಿರುತ್ತಿತ್ತು, ಕುರ್ಚಿಯಿಂದ ಮಂಚ ನಾಲ್ಕು ಮಾರು. ನಲವತ್ತು ವರ್ಷ ರವಿಕೆ ಹೊಲಿದ ಹೆಂಗಸು, ಸ್ನಾನದ ಕೋಣೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರು. ಮಗ್ಗುಲಾಗಲೂ ಒಬ್ಬರು ಹಿಡಿಯಬೇಕು, ಬೆಡ್‌ಪ್ಯಾನ್ ಕೊಡಲೂ ಒಬ್ಬರು ಬರಬೇಕು; ಬಾಯಿ ಮಾತ್ರ ಅವರ ಕತ್ತರಿಯಷ್ಟೇ ಹರಿತ. ಬಂದ ನರ್ಸುಗಳ ಬೆನ್ನು ನೋಡಿ, ನಿನಗೆ ಹೊಲಿದವಳು ಅಳತೆಯನ್ನ ನಿನ್ನ ಅತ್ತೆಯದು ತಗೊಂಡಿದ್ದಾಳೆ ಎಂದು ನಗಿಸುತ್ತಿದ್ದರು. ಬೇರೆಯವರ ಹೆಜ್ಜೆ ಎಣಿಸೋಕೆ ನಿಮಗೆ ಸಂಬಳ, ಇಂಥ ಕೆಲಸ ಇದೆ ಅಂತ ಗೊತ್ತಿದ್ದರೆ ನಾನು ಯಾಕೆ ಕಣ್ಣು ಹಾಳು ಮಾಡಿಕೊಳ್ಳುತ್ತಿದ್ದೆ ಎಂದು ಇವಳನ್ನೂ ಛೇಡಿಸುತ್ತಿದ್ದರು. ಒಳಗೆ ಹೋಗುವಂತಿಲ್ಲವಲ್ಲ, ಇವಳು ಕೂತಲ್ಲಿಂದಲೇ ಉತ್ತರ ಕೊಡುತ್ತಿದ್ದಳು. ಅಷ್ಟರಲ್ಲಿ ಸಣ್ಣ ಸಿಸ್ಟರ್ ಬಂದಳು. ವಾರ್ಡಿನಲ್ಲಿ ಎಲ್ಲರಿಗಿಂತ ಕಿರಿಯವಳು, ಕೆಲಸಕ್ಕೆ ಸೇರಿ ಒಂದು ವರ್ಷವಾಗಿರಲಿಲ್ಲ. ಇವಳ ಫ್ಲಾಸ್ಕಿನಿಂದ ಅರ್ಧ ಲೋಟ ಚಹಾ ಬಗ್ಗಿಸಿಕೊಂಡು, ಗೋಡೆಗೆ ಒರಗಿ ಎರಡು ಗುಟುಕು ಕುಡಿದು, ಹಾಗೇ ಹನ್ನೊಂದಕ್ಕೆ ಇಣುಕಿ ದಿಂಬು ಸರಿ ಮಾಡಿ ಬಂದಳು. ಇವಳು ಗೆರೆ ಎಳೆದಳು. ‘ನೀವಿಲ್ಲಿ ಕೂತಿರೋದು ಒಳ್ಳೇದಾಯ್ತು ಅಕ್ಕ’ ಎಂದಳು ಆ ಹುಡುಗಿ ಲೋಟ ಇಡುತ್ತ, ‘ಇಲ್ಲಿ ತನಕ ಬರೋಕೆ ಒಂದು ನೆಪ.’

ಹುಡುಗಿ ಹೋಗಿಯಾಗಿತ್ತು. ಇವಳು ಎಳೆದ ಗೆರೆಯನ್ನೇ ನೋಡುತ್ತ ಕೂತಳು. ಆ ಹುಡುಗಿ ಬಂದದ್ದು ಚಹಾಕ್ಕೆ. ಬಂದ ಮೇಲೆ ನಾಲ್ಕು ಮಾರು ದೂರದ ಕೋಣೆಗೆ ಇಣುಕದೆ ಹೋಗಲು ಯಾರಿಗಾದರೂ ಮನಸ್ಸು ಬಂದೀತೆ, ಅದೂ ಕಾಗದ ಹಿಡಿದು ಒಬ್ಬಳು ಎದುರಿಗೇ ಕೂತಿರುವಾಗ? ಗಾಳಿ ಬರುತ್ತದೆ, ಎರಡೂ ಕಡೆ ಕಾಣುತ್ತದೆ ಎಂದು ಹೇಳಿಕೊಂಡದ್ದೆಲ್ಲ ಸುಳ್ಳು. ಹನ್ನೊಂದನೇ ಕೋಣೆಯನ್ನು ಕಾಯಬೇಕು ಎಂದು ಅವಳ ಕಾಲೇ ಅವಳನ್ನು ಅಲ್ಲಿಗೆ ತಂದು ಕೂರಿಸಿತ್ತು. ಹದಿನಾರು ಸಲ ಬಂದವರು ಕುರ್ಚಿಗೆ ಬಂದವರು, ರೋಗಿಗಲ್ಲ. ಎದೆ ಹಗುರಾಯಿತು. ಹಗುರಾದದ್ದು ಗೊತ್ತಾದೊಡನೆ ನಾಚಿಕೆಯಾಯಿತು. ಎಣಿಕೆ ಕೆಟ್ಟಿದೆ ಎಂದು ಇಷ್ಟು ಸುಲಭವಾಗಿ ಒಪ್ಪುತ್ತಿದ್ದೇನಲ್ಲ, ಅದು ನಿಜವೆಂದೋ, ನನಗೆ ಬೇಕಾದದ್ದೆಂದೋ? ಇಪ್ಪತ್ತೆರಡು ವರ್ಷ ಬೇರೆಯವರ ನಾಡಿ ಹಿಡಿದವಳಿಗೆ ತನ್ನದು ಸಿಕ್ಕಲಿಲ್ಲ. ಆದರೆ ಒಂದಂತೂ ಕಣ್ಣಿಗೆ ಕಟ್ಟಿದ ಹಾಗಿತ್ತು: ಈ ಕಾಗದ ಹೀಗೇ ಸಭೆಗೆ ಹೋದರೆ ದೂರ ಇದ್ದರೂ ತೊಂದರೆಯಿಲ್ಲ ಎಂದು ತೀರ್ಮಾನವಾಗುತ್ತದೆ, ಉದ್ದದ ಕಾರಿಡಾರೇ ಮತ್ತೆ ಏಳುತ್ತದೆ, ಅದರ ತುದಿಯಲ್ಲಿ ಮುಂದಿನ ಐವತ್ತು ವರ್ಷ ಯಾರ್ಯಾರೋ ಮಲಗುತ್ತಾರೆ.

ಅಂದು ಸಂಜೆ ನಕ್ಷೆಯವನಿಗೆ ಫೋನ್ ಮಾಡಿ, ನನ್ನಿಂದ ತಪ್ಪಾಗಿದೆ, ಆರು ದಿನದ್ದೂ ಹರಿದು ಹಾಕಿ ಎಂದಳು. ಸಭೆ ಮುಂದಕ್ಕೆ ಹೋಗಲ್ಲ ಅಕ್ಕ, ಸೋಮವಾರ ಒಂದು ದಿನ ಇದೆ, ಏನು ಮಾಡ್ತೀರೋ ಮಾಡಿ ಅಂದ, ಬೈದಿದ್ದರೆ ವಾಸಿಯಿತ್ತು. ಭಾನುವಾರ ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಅಚ್ಚಿನ ಮನೆಯಲ್ಲಿ ಕರಡು ತಿದ್ದುವವನು, ಊಟದ ಹೊತ್ತಿನಲ್ಲೂ ಉಪ್ಪಿನ ಪೊಟ್ಟಣದ ಮೇಲಿನ ತಪ್ಪು ಹುಡುಕುವ ಆಸಾಮಿ. ಬಡಗಿಯ ವಿಷಯ ಅವನಿಗೂ ಗೊತ್ತಿರಲಿಲ್ಲ, ಅದನ್ನು ಈಗಲೂ ಹೇಳಲಿಲ್ಲ, ಕುರ್ಚಿಯ ವಿಷಯವಷ್ಟೇ ಹೇಳಿದಳು. ಅವನು ಕನ್ನಡಕ ತೆಗೆದು ಒರೆಸುತ್ತ, ಅದಕ್ಕೇನಂತೆ, ನಾಳೆ ಕುರ್ಚಿ ಈಚೆ ತುದಿಗೆ ಹಾಕಿಕೋ, ಫ್ಲಾಸ್ಕು ಮನೆಯಲ್ಲೇ ಬಿಡು ಎಂದ. ಎಷ್ಟು ಸಲೀಸು. ಅವಳು ಹೂಂ ಎಂದಳು. ಹಾಗೆ ಮಾಡಿದರೆ ದರ್ಜಿಯಮ್ಮನಿಗೆ ಏನಾಗುತ್ತದೆ ಎನ್ನುವುದು ಪಾತ್ರೆ ತೊಳೆಯುವಾಗ ಹೊಳೆಯಿತು. ಎಣಿಕೆ ಸರಿಯಾಗಬೇಕಾದರೆ ಅವರ ಹತ್ತಿರ ಯಾರೂ ಹೋಗಬಾರದು. ಹೋಗದಿರಲಿ ಎಂದು ತಾನು ಕಾದು ಕೂರಬೇಕು.

ಸೋಮವಾರ ಅವಳು ನರ್ಸುಗಳ ಕೋಣೆಯ ಪಕ್ಕ ಕೂತಳು. ಅಲ್ಲಿಂದ ಹತ್ತು ಬಾಗಿಲೂ ಕಾಣುತ್ತಿದ್ದವು. ಹನ್ನೊಂದು ಕಾಣದಿದ್ದರೂ, ಬಟ್ಟೆ ಕೋಣೆ ದಾಟಿ ತಿರುಗಿದವರು ಇನ್ನೆಲ್ಲಿಗೂ ಹೋಗುವ ಹಾಗಿಲ್ಲ. ಹುಡುಗಿಯರು ಇವತ್ತು ಚಹಾ ಇಲ್ವಾ ಎಂದು ಮುಖ ಸಪ್ಪಗೆ ಮಾಡಿಕೊಂಡು ತಮ್ಮ ಪಾಡಿಗೆ ತಾವು ಹೋದರು. ಎರಡನೇ ಕೋಣೆಯ ಗೆರೆಗಳು ಬೆಳೆಯುತ್ತ ಹೋದವು, ಯಾಕೆಂದರೆ ಎಲ್ಲಿಗೆ ಹೋಗುವವರೂ ಅದರ ಮುಂದೆಯೇ ಹಾಯಬೇಕು, ಹಾಯುವಾಗ ಒಳಗಿನವನು ಏನಾದರೂ ಕೇಳುತ್ತಾನೆ. ಮೂರು, ನಾಲ್ಕು, ಐದಕ್ಕೂ ಪರವಾಗಿಲ್ಲ. ಏಳರಿಂದಾಚೆ ತೆಳುವಾಯಿತು. ಹನ್ನೊಂದಕ್ಕೆ ಬೆಳಗ್ಗೆ ಮಾತ್ರೆಯ ಹೊತ್ತಿಗೆ ಒಬ್ಬಳು, ಡಾಕ್ಟರ ಹಿಂದೆ ಒಬ್ಬಳು, ಮಧ್ಯಾಹ್ನ ಊಟದ ತಟ್ಟೆಯ ಜೊತೆ ಒಬ್ಬಳು. ಹುಡುಗಿಯರು ಸೋಮಾರಿಗಳಲ್ಲ, ಅದನ್ನು ಅವಳು ಕಣ್ಣಾರೆ ಕಂಡಳು. ಬಟ್ಟೆ ಕೋಣೆಯ ತನಕ ಹೋದವರು ಯಾರೋ ಕರೆದು ತಿರುಗಿ ಬಂದರು, ನಾಲ್ಕು ಸಲ. ತನ್ನದೇ ಬೆನ್ನು ಹಿಂದಿನಿಂದ ನೋಡಿದ ಹಾಗಿತ್ತು.

ಎರಡು ಗಂಟೆ ಹತ್ತು ನಿಮಿಷಕ್ಕೆ ಬೆಲ್ ಆಯಿತು. ಗೋಡೆಯ ಹಲಗೆಯಲ್ಲಿ ಹನ್ನೊಂದರ ಕೆಂಪು ದೀಪ ಹತ್ತಿಕೊಂಡಿತು. ಒಬ್ಬ ನರ್ಸು ಆಪರೇಷನ್ ಥಿಯೇಟರಿನಿಂದ ರೋಗಿಯನ್ನು ಕರೆತರಲು ಹೋಗಿದ್ದಳು. ಇನ್ನೊಬ್ಬಳು ಐದನೇ ಕೋಣೆಯಲ್ಲಿ ಡ್ರಿಪ್ ಹಾಕಲು ನರ ಸಿಗದೆ ಒದ್ದಾಡುತ್ತಿದ್ದಳು. ಸಣ್ಣ ಸಿಸ್ಟರ್ ಮೂರಕ್ಕೆ ಬಂದ ಹೊಸ ರೋಗಿಯ ಕಾಗದ ಹಿಡಿದು ಓಡುತ್ತ, ಬಂದೆ ಬಂದೆ ಎಂದು ಹಲಗೆಗೇ ಹೇಳಿ, ಗುಂಡಿ ಒತ್ತಿ ಸದ್ದು ಆರಿಸಿ ಹೋದಳು. ದೀಪ ಮಾತ್ರ ಉರಿಯುತ್ತಿತ್ತು. ಊಟವಾಗಿ ಒಂದು ಗಂಟೆ ಕಳೆದಿತ್ತು. ದರ್ಜಿಯಮ್ಮ ಬೆಲ್ ಒತ್ತಿದ್ದು ಯಾಕೆ ಎಂದು ಅವಳಿಗೆ ಕಾಗದದಲ್ಲಿ ಬರೆದುಕೊಟ್ಟಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಬೆಡ್‌ಪ್ಯಾನ್ ಕೇಳಲು ಹೆಂಗಸರು ಕೊನೆಯ ಗಳಿಗೆಯವರೆಗೂ ತಡೆಯುತ್ತಾರೆ, ಅಂಥ ಹಠಮಾರಿಗಳಂತೂ ಇನ್ನೂ ಹೆಚ್ಚು. ಎರಡು ಇಪ್ಪತ್ತು. ಮುಳ್ಳಿನ ಮೇಲೆ ಕೂತ ಹಾಗಾಯಿತು. ಎದ್ದು ಹೋದರೆ ಮಂಡಿ ನೋವಿನ ಕಾಲಿಗೂ ಎರಡು ನಿಮಿಷದ ದಾರಿ. ಹೋಗುವುದೂ ಬೇಡ, ಹಾಯುವ ಹುಡುಗಿಗೆ ಹನ್ನೊಂದು ನೋಡಮ್ಮ ಎಂದರೆ ಸಾಕು. ಆದರೆ ಹಾಗಂದರೆ ಮತ್ತೆ ತಿರುವಿನಲ್ಲಿ ಕುರ್ಚಿ ಹಾಕಿದ ಹಾಗೆಯೇ. ಹೊಸ ಕಟ್ಟಡದಲ್ಲಿ ಅವಳಿರುವುದಿಲ್ಲ, ಅವಳ ಕುರ್ಚಿಯಿರುವುದಿಲ್ಲ. ಅವಳಿಲ್ಲದಾಗ ಈ ದೀಪ ಎಷ್ಟು ಹೊತ್ತು ಉರಿಯುತ್ತದೆ ಎನ್ನುವುದನ್ನೇ ಅಲ್ಲವೇ ನಾಳೆ ಅವರು ಕೇಳುವುದು?

ಎರಡು ಮೂವತ್ತು. ಎದ್ದಳು, ಕುರ್ಚಿಯ ಕೈ ಹಿಡಿದು ನಿಂತಳು, ಕೂತಳು. ಎಲ್ಲಿಂದಲೋ ಒಂದು ದನಿ ಕೇಳಿದಂತಾಯಿತು, ಟ್ರಾಲಿಯ ಗಾಲಿಯ ಕಿರ್ರೆನ್ನುವ ಸದ್ದಿರಲೂಬಹುದು. ಮುಂದೆ ಬರುವ ನೂರಾರು ಜನರಿಗಾಗಿ ಎಂದು ತನಗೆ ಹೇಳಿಕೊಂಡಳು. ಹೇಳಿಕೊಂಡಾಗ ಬಾಯಿ ಕಹಿಯಾಯಿತು. ಆ ನೂರಾರು ಜನರಿಗೆ ಮುಖವಿಲ್ಲ, ಇವರಿಗಿದೆ. ಅಥವಾ ಇದೆಲ್ಲ ಬೂಟಾಟಿಕೆಯೇ? ಬಡಗಿಯ ಕೋಣೆಗೆ ಯಾರೂ ಹೋಗುವುದಿಲ್ಲ, ಯಾರೂ ಹೋಗುತ್ತಿರಲಿಲ್ಲ ಎಂದು ರುಜುವಾತು ಮಾಡಿಕೊಳ್ಳಲು ಒಬ್ಬ ಮುದುಕಿಯನ್ನು ಒದ್ದೆಯಲ್ಲಿ ಮಲಗಿಸುತ್ತಿದ್ದೇನೆಯೇ? ಗೊತ್ತಾಗಲಿಲ್ಲ. ಗೊತ್ತಾಗದೆಯೇ ಕೂತಿದ್ದಳು. ಎರಡು ಐವತ್ತೊಂದಕ್ಕೆ ಸಣ್ಣ ಸಿಸ್ಟರ್ ಹಲಗೆಯ ಕಡೆ ನೋಡಿ, ಅಯ್ಯೋ ದೇವರೇ ಎಂದು ನಾಲಿಗೆ ಕಚ್ಚಿಕೊಂಡು ಓಡಿದಳು. ಸ್ವಲ್ಪ ಹೊತ್ತಿಗೆ ಕೈತುಂಬ ಹಾಸಿಗೆ ಬಟ್ಟೆ ಮುದ್ದೆ ಮಾಡಿ ಹಿಡಿದುಕೊಂಡು ಬಂದಳು. ಯಾರ ಮುಖವನ್ನೂ ನೋಡದೆ ಹೋದಳು. ಇವಳು ಗೆರೆ ಎಳೆದಳು. ನಾಲ್ಕನೆಯದು.

ಡ್ಯೂಟಿ ಬದಲಾಗುವ ಹೊತ್ತಿಗೆ ನಕ್ಷೆಯವನು ಫೋನ್ ಮಾಡಿದ. ಎರಡಕ್ಕೆ ಹತ್ತೊಂಬತ್ತು, ಹನ್ನೊಂದಕ್ಕೆ ನಾಲ್ಕು, ಬೆಲ್ಲಿಗೆ ನಲವತ್ತೊಂದು ನಿಮಿಷ ಎಂದಳು. ಸಾಕು ಅಕ್ಕ, ಇಷ್ಟು ಸಾಕು, ಇದನ್ನಿಟ್ಟುಕೊಂಡು ನಾಳೆ ನಡುವೆ ಮೇಜಿರೋ ನಕ್ಷೆಯನ್ನೇ ಒಪ್ಪಿಸ್ತೀನಿ ನೋಡಿ, ಎಂಥ ಒಳ್ಳೆ ಕೆಲಸ ಮಾಡಿದ್ರಿ ಎಂದ. ಅವಳು ಫೋನ್ ಇಟ್ಟಳು. ಇನ್ನು ಅವಳ ಎಣಿಕೆ ಮುಗಿದಿತ್ತು, ನಿಯಮಗಳೂ ಮುಗಿದಿದ್ದವು. ಮನೆಗೆ ಹೋಗಬಹುದಿತ್ತು. ಕಾರಿಡಾರಿನುದ್ದಕ್ಕೂ ಗೋಡೆ ಹಿಡಿದು ನಡೆದು ಹನ್ನೊಂದನೇ ಕೋಣೆಗೆ ಬಂದಳು. ಅಷ್ಟು ದಿನದಲ್ಲಿ ಮೊದಲ ಬಾರಿಗೆ ಹೊಸಿಲು ದಾಟಿ ಒಳಗೆ ಹೋದಳು.

ಹೊಸ ಹಾಸಿಗೆ ಬಟ್ಟೆ ಮಡಿಕೆಯ ಗುರುತು ಬಿಡದೆ ಗರಿಗರಿಯಾಗಿತ್ತು. ಫಿನಾಯಿಲಿನ ವಾಸನೆ ತುಂಬಿತ್ತು. ದರ್ಜಿಯಮ್ಮ ಗೋಡೆಯ ಕಡೆ ಮುಖ ಮಾಡಿದ್ದರು. ಯಾರು ಬಂದದ್ದೆಂದು ತಿಳಿಯಲು ಅವರಿಗೆ ಹೊತ್ತು ಹಿಡಿಯಿತು, ತಿಳಿದ ಮೇಲೆ ಕಣ್ಣು ತುಂಬಿ ಬಂತು. ಬೈಗುಳಕ್ಕೆ ತಯಾರಾಗಿ ಬಂದವಳಿಗೆ ಅದನ್ನು ನೋಡಲಾಗಲಿಲ್ಲ.

‘ನೀವಿದ್ದಿದ್ರೆ ಹೀಗಾಗ್ತಿರ್ಲಿಲ್ಲ ಅಕ್ಕ. ಬಾಗಿಲಾಚೆ ಕುರ್ಚಿನೇ ಇರ್ಲಿಲ್ಲ. ಇವತ್ತು ರಜಾ ಹಾಕಿದ್ದೀರಿ ಅಂದ್ಕೊಂಡೆ.’

ರಜಾ. ಎಷ್ಟು ಅನುಕೂಲದ ಮಾತು. ಹೌದಮ್ಮ, ಮಂಡಿ ನೋವು ಜಾಸ್ತಿಯಿತ್ತು, ಈಗ ಬಂದೆ ಎಂದರೆ ಮುಗಿಯಿತು. ಅವರಿಗೂ ಸಮಾಧಾನ, ಇವಳ ಕೈಯನ್ನೂ ಹಿಡಿದುಕೊಂಡಾರು. ಮಾತು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು.

‘ರಜಾ ಅಲ್ಲ’ ಎಂದಳು. ‘ಆ ಕಡೆ ತುದೀಲಿ ಕೂತಿದ್ದೆ. ನಿಮ್ಮ ದೀಪ ಹತ್ತಿದ್ದು ನೋಡಿದೆ. ಆರೋ ತನಕ ನೋಡ್ತಾನೇ ಇದ್ದೆ.’

ದರ್ಜಿಯಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಅಳತೆ ತೆಗೆಯುವ ಹಾಗೆ. ಅವಳು ಕಾರಣ ಹೇಳಿದಳು, ಹೊಸ ಕಟ್ಟಡದ್ದು, ಎರಡು ನಕ್ಷೆಯದ್ದು, ನಾಳೆಯ ಸಭೆಯದ್ದು, ತಿರುವಿನ ಕುರ್ಚಿಯದ್ದು. ಹೇಳುತ್ತ ಹೋದಂತೆ ಎಲ್ಲ ಸರಿಯಾಗಿಯೇ ಇತ್ತು, ಆದರೆ ಆ ಮಂಚದ ಪಕ್ಕ ನಿಂತು ಹೇಳುವಾಗ ಯಾವುದೂ ಸಾಲುತ್ತಿರಲಿಲ್ಲ. ದರ್ಜಿಯಮ್ಮ ಕೈ ಚಾಚಿ ಕಾಗದ ಕೇಳಿದರು. ಕಣ್ಣ ಹತ್ತಿರ ಹಿಡಿದು ಹನ್ನೊಂದರ ಸಾಲನ್ನು ಹುಡುಕಿದರು.

‘ನಾಲ್ಕು ಗೆರೆ’ ಎಂದರು. ‘ನಾನು ಕೂಗಿದ್ದು ಇದರಲ್ಲಿ ಎಲ್ಲಿದೆ?’

ಬಂದವರಿಗೆ ಮಾತ್ರ ಗೆರೆ, ಕೂಗಿದ್ದಕ್ಕೆ ಇದರಲ್ಲಿ ಜಾಗ ಇಲ್ಲ ಎಂದಳು ಅವಳು.

‘ಹಿಂದುಗಡೆ ಖಾಲಿ ಇದೆಯಲ್ಲ. ಬರೀರಿ, ನಾನು ಹೇಳ್ತೀನಿ.’

ಅವಳು ಸ್ಟೂಲ್ ಎಳೆದುಕೊಂಡು ಕೂತಳು. ದರ್ಜಿಯಮ್ಮ ಎದುರುಗಡೆಯ ಗಡಿಯಾರ ನೋಡುತ್ತ ನಿಧಾನವಾಗಿ, ಒಂದೊಂದು ಮಾತಿಗೂ ತಡೆದು ಹೇಳಿದರು. ಎರಡು ಹತ್ತಕ್ಕೆ ಬೆಲ್ ಒತ್ತಿದೆ. ಎರಡು ಇಪ್ಪತ್ತೈದರ ತನಕ ಹಲ್ಲು ಕಚ್ಚಿ ತಡ್ಕೊಂಡೆ. ಆಮೇಲೆ ಮೂರು ಸಲ ಕೂಗಿದೆ. ನಾಲ್ಕನೇ ಸಲ ಕೂಗೋಕೆ ನಾಚಿಕೆಯಾಯ್ತು, ಯಾಕಂದ್ರೆ ಅಷ್ಟರಲ್ಲಿ ಆಗಿಹೋಗಿತ್ತು. ಆ ಚಿಕ್ಕ ಹುಡುಗಿ ಬಂದಾಗ ನಾನು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡಿದ್ದೆ. ಅವರು ಹೇಳಿದ್ದನ್ನೆಲ್ಲ ಇವಳು ಹೇಳಿದ ಹಾಗೆಯೇ ಬರೆದಳು, ಒಂದು ಮಾತು ಸೇರಿಸಲಿಲ್ಲ, ಒಂದು ಬಿಡಲಿಲ್ಲ. ಮುಗಿಯಿತೆಂದುಕೊಂಡು ಪೆನ್ಸಿಲ್ ಎತ್ತಿದಳು.

‘ಎಣಿಸೋ ಅಕ್ಕ ನೋಡ್ತಾ ಕೂತಿದ್ರು, ಬರ್ಲಿಲ್ಲ’ ಎಂದರು ದರ್ಜಿಯಮ್ಮ. ‘ಅದನ್ನೂ ಬರೀರಿ.’

ಅಕ್ಷರ ಸೊಟ್ಟಗೆ ಬಂದವು. ಆದರೂ ಬರೆದಳು. ದರ್ಜಿಯಮ್ಮ ಕಾಗದ ತೆಗೆದುಕೊಂಡು ಆ ಕೊನೆಯ ಸಾಲನ್ನು ಮಾತ್ರ ಓದಿದರು, ವಾಪಸು ಕೊಟ್ಟರು, ಮತ್ತೆ ಗೋಡೆಯ ಕಡೆ ತಿರುಗಿದರು.

‘ನಾಳೆ ಸಭೇಲಿ ಇದನ್ನ ಯಾರು ಓದ್ತಾರೆ?’

‘ನಾನೇ ಓದ್ತೀನಿ’ ಅಂದಳು.